ಉಪ್ಪಿಗೆ ಬಿದ್ದ ಮಿಡಿ ಸುರುಟುವುದು ಹೇಗೆ?

ಶಿವಮೊಗ್ಗ ಜಿಲ್ಲೆಯ ಹೊಸನಗರ, ಸಾಗರದ ಕಡೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆಮಾವು, ಅಪ್ಪೆಮಿಡಿ, ಬರುವ ಕಾಲಕ್ಕೆ ಭರಣಿಗಳು ತೊಳೆದು ಬಿಸಿಲಿಗೆ ಬೀಳುತ್ತವೆ. ಕಲ್ಲಿನಂತಿದ್ದ ಮಿಡಿ ಹರಳುಪ್ಪಿನ ಜೊತೆ ಎರಡು ದಿನ ಕಳೆಯುವಷ್ಟರಲ್ಲಿ ನೀರು ಬಿಡಲು ಶುರುಮಾಡುತ್ತದೆ, ಹತ್ತು ಹದಿನೈದು ದಿನಕ್ಕೆ ಸುರುಟುತ್ತದೆ. ಹೊರಗಿನಿಂದ ಹನಿ ನೀರೂ ಹಾಕಿರುವುದಿಲ್ಲ. ‘ಉಪ್ಪು ನೀರು ಎಳೀತು’ ಅನ್ನುತ್ತಾರೆ. ಆದರೆ ಬರೀ ಉಪ್ಪಿನಿಂದ ಇದು ಆಗುವುದಲ್ಲ. ಮಿಡಿಯ ಒಂದೊಂದು ಜೀವಕೋಶವನ್ನೂ ಸುತ್ತಿರುವ ಪೊರೆ ಬೇಕೇ ಬೇಕು.

ಈ ಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೊಮೀಟರ್. ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳು ಎರಡು ಪದರವಾಗಿ ನಿಂತಿರುತ್ತವೆ. ನೀರಿಗೆ ಒಗ್ಗುವ ತಲೆಗಳು ಹೊರಮುಖವಾಗಿ, ನೀರಿಗೆ ಆಗದ ಕೊಬ್ಬಿನ ಬಾಲಗಳು ಒಳಮುಖವಾಗಿ. ನಡುನಡುವೆ ಪ್ರೋಟೀನುಗಳು. ಇದು ಗೋಡೆಯಂತೆ ಗಟ್ಟಿಯಲ್ಲ, ಅಣುಗಳು ಸದಾ ಜಾರಾಡುತ್ತಿರುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟ ಮಾದರಿ ಹೇಳುವುದು ಇದನ್ನೇ.

ಆಮ್ಲಜನಕದಂಥ ಸಣ್ಣ ಅಣು ಕೊಬ್ಬಿನ ಪದರವನ್ನು ನೇರ ದಾಟುತ್ತದೆ. ಉಪ್ಪು ಕರಗಿದಾಗ ಸಿಗುವ ಸೋಡಿಯಂ, ಕ್ಲೋರೈಡ್ ಅಯಾನುಗಳು ವಿದ್ಯುದಾವೇಶ ಹೊತ್ತಿರುವುದರಿಂದ ದಾಟಲಾರವು. ನೀರಿಗಾದರೋ ಅಕ್ವಾಪೊರಿನ್ ಎಂಬ ಪ್ರೋಟೀನಿನ ಕಿಂಡಿಗಳಿವೆ. ಒಂದೇ ಕಿಂಡಿಯಲ್ಲಿ ಸೆಕೆಂಡಿಗೆ ನೂರು ಕೋಟಿಗೂ ಹೆಚ್ಚು ನೀರಿನ ಅಣುಗಳು ಹಾಯಬಲ್ಲವು. ಇದನ್ನು ಕಂಡುಹಿಡಿದ ಪೀಟರ್ ಅಗ್ರೆಗೆ 2003ರಲ್ಲಿ ನೊಬೆಲ್ ಬಂತು. ನೀರು ಎರಡೂ ಕಡೆ ಓಡಾಡುತ್ತದೆ, ಆದರೆ ಹೊರಗೆ ಉಪ್ಪು ದಟ್ಟವಾಗಿದ್ದರೆ ಒಳಬರುವುದಕ್ಕಿಂತ ಹೊರಹೋಗುವುದೇ ಜಾಸ್ತಿ. ಇದೇ ಅಭಿಸರಣೆ. ಕೋಶದೊಳಗಿನ ನೀರಿನ ಚೀಲವಾದ ರಸದಾನಿ ಬತ್ತಿದಂತೆ ಪೊರೆ ತನ್ನ ಹೊರಗಿರುವ ಗಟ್ಟಿ ಕೋಶಭಿತ್ತಿಯಿಂದ ಬಿಟ್ಟುಕೊಂಡು ಒಳಕ್ಕೆ ಮುದುಡುತ್ತದೆ. ರಿಯೋ ಎಂಬ ಅಲಂಕಾರದ ಗಿಡದ ನೇರಳೆ ಬೆನ್ನಿನ ಎಲೆಯ ಸಿಪ್ಪೆ ಎಬ್ಬಿಸಿ, ಶೇ. 10ರ ಉಪ್ಪುನೀರು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಬಣ್ಣ ಕೋಶದ ನಡುವಿಗೆ ಸರಿಯುವುದು ಕಾಣುತ್ತದೆ. ನೋಡಲೇಬೇಕಾದ ನೋಟ.

ಹಾಗಾದರೆ ಮಿಡಿಯೊಳಗೆ ಉಪ್ಪು ಸೇರುವುದು ಯಾವಾಗ? ಕೋಶ ಸತ್ತ ಮೇಲೆ. ಬದುಕಿರುವ ಕೋಶ ತನ್ನ ಇಂಧನವಾದ ಎಟಿಪಿ ಅಣುಗಳನ್ನು ಸುಟ್ಟು, ಪೊರೆಯಲ್ಲಿರುವ ಪ್ರೋಟಾನ್ ಪಂಪ್ ಎಂಬ ಪ್ರೋಟೀನನ್ನು ನಡೆಸಿ, ಅದರ ಬಲದಿಂದ ಹೇಗೋ ನುಸುಳಿ ಬಂದ ಸೋಡಿಯಂ ಅನ್ನು ಹೊರದಬ್ಬುತ್ತದೆ. ನೀರು ಕಳೆದುಕೊಂಡು ಸತ್ತಾಗ ಪೊರೆ ಹರಿಯುತ್ತದೆ. ಆಮೇಲೆ ಉಪ್ಪು ನಿಧಾನವಾಗಿ ವಿಸರಣೆಯಿಂದ, ಅಂದರೆ ದಟ್ಟವಾಗಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡುತ್ತಾ, ಒಳಗಿಳಿಯುತ್ತದೆ. ಮೊದಲು ನೀರು ಹೊರಗೆ, ಆಮೇಲೆ ಉಪ್ಪು ಒಳಗೆ. ಮಿಡಿ ಹೆಚ್ಚಾಗಿ ಹಾಳಾಗುವುದು ಈ ಎರಡರ ನಡುವೆಯೇ.

ಒಂದು ಕಿಲೋ ಮಿಡಿಗೆ ಕಾಲು ಕಿಲೋ ಹರಳುಪ್ಪು ಇರಲಿ. ಕೈ ಹಿಡಿದು ಉಪ್ಪು ಹಾಕಿದರೆ ಬಿಟ್ಟ ನೀರು ತೆಳುವಾಗುತ್ತದೆ, ಸೂಕ್ಷ್ಮಜೀವಿಗಳ ಕೋಶದಿಂದ ನೀರು ಕಸಿಯುವ ಶಕ್ತಿ ಅದಕ್ಕೆ ಸಾಲದು, ಮೇಲೆ ಬಿಳಿ ಪರೆ ಕಟ್ಟುತ್ತದೆ. ಮರದಿಂದ ಉದುರಿ ಪೆಟ್ಟಾದ ಮಿಡಿ ಬೇಡವೇ ಬೇಡ: ಅಲ್ಲಿ ಪೊರೆಗಳು ಮೊದಲೇ ಒಡೆದಿರುತ್ತವೆ, ಆ ಜಾಗ ಮೆತ್ತಗಾಗುತ್ತದೆ. ತೊಟ್ಟು ಬೆರಳಗಲ ಉಳಿಸಿ ಕತ್ತರಿಸಿ, ಇಲ್ಲವಾದರೆ ಪರಿಮಳದ ಸೊನೆ ಸುರಿದು ಹೋಗುತ್ತದೆ. ತೊಳೆದ ಮಿಡಿಯನ್ನು ಬಟ್ಟೆಯಲ್ಲಿ ಒರೆಸಿ ಪಸೆ ಆರಿಸಿ. ಉಪ್ಪು, ಮಿಡಿ, ಉಪ್ಪು ಹೀಗೆ ಪದರವಾಗಿ ತುಂಬಿ. ಕರಗಿದ ಉಪ್ಪು ತಳಕ್ಕಿಳಿಯುವುದರಿಂದ ದಿನಕ್ಕೊಮ್ಮೆ ಒಣಗಿದ ಸೌಟಿನಲ್ಲಿ ತಿರುವಬೇಕು. ಇಡೀ ಮಿಡಿಯ ಸಿಪ್ಪೆಗೆ ಮೇಣದ ಹೊದಿಕೆ ಇರುವುದರಿಂದಲೇ ಇಷ್ಟು ದಿನ ಹಿಡಿಯುವುದು. ಹೆಚ್ಚಿದ ಮಾವು ಗಂಟೆಗಳಲ್ಲೇ ನೀರು ಬಿಡುತ್ತದೆ.

ಹದಿನೈದನೇ ದಿನ ಒಂದು ಮಿಡಿ ಸೀಳಿ, ಓಟೆಯ ಪಕ್ಕದ ಭಾಗ ನಾಲಿಗೆಗೆ ಹಚ್ಚಿ ನೋಡಿ. ಅಲ್ಲಿ ಬರೀ ಹುಳಿ ಇದ್ದು ಉಪ್ಪು ತಾಗದಿದ್ದರೆ ಖಾರ ಅರೆಯಲು ಇನ್ನೂ ನಾಲ್ಕು ದಿನ ತಡೆಯಿರಿ.