ಮುರಕಲ್ಲಿನ ನೀರಿಗೆ ಆಲಂ ಸುರಿಯುವ ಮುನ್ನ

ಕಾಸರಗೋಡು, ಕುಂಬಳೆ, ಉಪ್ಪಳದ ಕಡೆ ಫ್ಲ್ಯಾಟುಗಳು ಏಳುತ್ತಿದ್ದ ಹಾಗೆ ಎಸ್‌ಟಿಪಿಗಳೂ (ಕೊಳಚೆ ಶುದ್ಧಿ ಘಟಕಗಳು) ಬರುತ್ತಿವೆ. ಬಿಒಡಿ, ಅಂದರೆ ಕೊಳಚೆ ಕೊಳೆಯಲು ಬೇಕಾಗುವ ಆಮ್ಲಜನಕದ ಅಳತೆ, ಇಳಿಸುವುದು ಎಲ್ಲರಿಗೂ ಗೊತ್ತು. ಕೊಳಚೆಯ ರಂಜಕ ತೆಗೆಯುವ ಮಾತೆತ್ತಿದರೆ ಸಿಗುವ ಉತ್ತರ ಒಂದೇ: ಆಲಂ (ಅಲ್ಯೂಮಿನಿಯಂ ಸಲ್ಫೇಟ್) ಹಾಕಿ. ನಮ್ಮ ನೀರಿಗೆ ಅದು ಅಷ್ಟು ಸಲೀಸಲ್ಲ.

ದಿನಕ್ಕೆ 10 ಲಕ್ಷ ಲೀಟರ್ ಕೊಳಚೆ, ಲೀಟರಿಗೆ 6 ಮಿ.ಗ್ರಾಂ ರಂಜಕ ಅಂತಿಟ್ಟುಕೊಳ್ಳಿ. ಅದನ್ನು 1ಕ್ಕೆ ಇಳಿಸಲು ದಿನಕ್ಕೆ 5 ಕಿಲೋ ರಂಜಕ ತೆಗೆಯಬೇಕು. ರಸಾಯನಶಾಸ್ತ್ರದ ಲೆಕ್ಕಕ್ಕೆ ಕಿಲೋ ರಂಜಕಕ್ಕೆ 9.6 ಕಿಲೋ ಆಲಂ ಸಾಕು. ಟ್ಯಾಂಕಿನಲ್ಲಿ ಅದರ ಇಮ್ಮಡಿ ಹಿಡಿಯುತ್ತದೆ, ಅಲ್ಯೂಮಿನಿಯಂನ ಒಂದು ಪಾಲು ಹೈಡ್ರಾಕ್ಸೈಡ್ ಆಗಿ ಹೋಗುವುದರಿಂದ. ಅಂದರೆ ದಿನಕ್ಕೆ ಸುಮಾರು 100 ಕಿಲೋ, ಲೀಟರಿಗೆ 100 ಮಿ.ಗ್ರಾಂ. ಅಷ್ಟು ಆಲಂ ಲೀಟರಿಗೆ ಸುಮಾರು 50 ಮಿ.ಗ್ರಾಂ ಕ್ಷಾರೀಯತೆಯನ್ನು, ಅಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿಯನ್ನು, ತಿಂದುಹಾಕುತ್ತದೆ.

ಮುರಕಲ್ಲಿನ (ಲ್ಯಾಟರೈಟ್) ಬಾವಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳ ನೀರು ಮೊದಲೇ ಮೆದು, ಹುಳಿಯ ಕಡೆಗೆ ವಾಲಿದ್ದು. ಅಮೋನಿಯ ನೈಟ್ರೇಟ್ ಆಗುವಾಗ (ನೈಟ್ರೀಕರಣ) ಪ್ರತಿ ಮಿ.ಗ್ರಾಂ ಸಾರಜನಕಕ್ಕೆ 7.14 ಮಿ.ಗ್ರಾಂ ಕ್ಷಾರೀಯತೆ ಬೇಕು. ಮೂತ್ರದ ಯೂರಿಯ ಒಡೆದು ಕೊಡುವುದು ಅದರ ಅರ್ಧ. ಅಲ್ಲಿಗೇ ಕೊರತೆ, ಮೇಲಿಂದ ಆಲಂ. ಪಿಎಚ್ 6.5ರ ಕೆಳಗಿಳಿದರೆ ನೈಟ್ರೀಕರಣ ಕುಂಟುತ್ತದೆ. ಆಪರೇಟರ್ ಗಾಳಿ ಊದುವ ಬ್ಲೋವರ್ ಹೆಚ್ಚಿಸುತ್ತಾನೆ, ಕರೆಂಟ್ ಬಿಲ್ ಏರುತ್ತದೆ, ಅಮೋನಿಯ ಮಾತ್ರ ಇಳಿಯುವುದಿಲ್ಲ. ಸುಣ್ಣ, ಸೋಡಾ ಆಶ್ ಹಾಕಬಹುದು, ಆದರೆ ಅದು ಒಂದು ಖರ್ಚನ್ನು ಮುಚ್ಚಲು ಇನ್ನೊಂದು ಖರ್ಚು.

ಆದ್ದರಿಂದ ಮೊದಲು ರಂಜಕ ಹೀರುವ ಬ್ಯಾಕ್ಟೀರಿಯ, ಉಳಿದದ್ದಕ್ಕಷ್ಟೇ ಆಲಂ. ಗಾಳಿಯಿಲ್ಲದ ಅನೆರೋಬಿಕ್ ಟ್ಯಾಂಕಿನಲ್ಲಿ ಕೊಳಚೆ ಮತ್ತು ಸೆಟ್ಲರಿನಿಂದ (ಕೆಸರು ತಳಕ್ಕಿಳಿಯುವ ಟ್ಯಾಂಕ್) ಮರಳಿ ಬರುವ ಕೆಸರು 1ರಿಂದ 2 ಗಂಟೆ ಸೇರಿರಬೇಕು. ಅಲ್ಲಿ ಈ ಬ್ಯಾಕ್ಟೀರಿಯಗಳು ಕೊಬ್ಬಿನಾಮ್ಲಗಳನ್ನು ನುಂಗಿ ರಂಜಕ ಬಿಡುತ್ತವೆ. ಮುಂದೆ ಗಾಳಿ ಸಿಕ್ಕಾಗ ಬಿಟ್ಟದ್ದಕ್ಕಿಂತ ಹೆಚ್ಚು ಹೀರುತ್ತವೆ. ಹಾಗಾಗಿ ಈ ಟ್ಯಾಂಕಿನಲ್ಲಿ ರಂಜಕ 20 ಮಿ.ಗ್ರಾಂ ತೋರಿಸಿದರೆ ಗಾಬರಿ ಬೇಡ. ಏರದಿದ್ದರೇ ಚಿಂತೆ. ಆಗ ಮೊದಲು ನೋಡಬೇಕಾದ್ದು ಮರಳುವ ಕೆಸರಿನಲ್ಲಿರುವ ನೈಟ್ರೇಟ್. ಬ್ಯಾಕ್ಟೀರಿಯಗಳ ಊಟವನ್ನು ಅದು ಬೇರೆ ಬ್ಯಾಕ್ಟೀರಿಯಗಳಿಗೆ ಬಡಿಸಿಬಿಡುತ್ತದೆ. ನಡುವೆ ಗಾಳಿ ಊದದ, ನೈಟ್ರೇಟ್ ಮಾತ್ರ ಇರುವ ಒಂದು ಅನಾಕ್ಸಿಕ್ ಟ್ಯಾಂಕಿದ್ದರೆ ನೈಟ್ರೇಟೂ ಕಳೆಯುತ್ತದೆ, ಕಳೆದ ಕ್ಷಾರೀಯತೆಯ ಅರ್ಧದಷ್ಟೂ ವಾಪಸ್ ಬರುತ್ತದೆ. ನಮ್ಮ ಕಡೆಗೆ ಇದೇ ದೊಡ್ಡ ಲಾಭ.

ಜೂನ್-ಜುಲೈಯ ಕತೆಯೇ ಬೇರೆ. ಮ್ಯಾನ್‌ಹೋಲಿಗೆ ಮಳೆನೀರು ಸೇರಿ ಕೊಳಚೆ ತೆಳುವಾಗುತ್ತದೆ, ಜತೆಗೆ ಆಮ್ಲಜನಕವನ್ನೂ ತರುತ್ತದೆ. ಬ್ಯಾಕ್ಟೀರಿಯ ಸೋಲುವುದು ಆಗಲೇ. ಆಲಂ ಡೋಸಿಂಗ್ ಪಂಪು ಸಿದ್ಧವಿರಬೇಕಾದ್ದೂ ಆಗಲೇ. ಸೆಟ್ಲರಿನಿಂದ ಕೆಸರು ತೇಲಿ ಹೋಗಲು ಬಿಡಬೇಡಿ. ಈ ಕೆಸರಿನಲ್ಲಿ 5% ರಂಜಕವಿದ್ದು ಹೊರಹೋಗುವ ನೀರಿನಲ್ಲಿ ಲೀಟರಿಗೆ 10 ಮಿ.ಗ್ರಾಂ ಕಣಗಳಿದ್ದರೆ, 0.5 ಮಿ.ಗ್ರಾಂ ರಂಜಕ ಅಲ್ಲೇ ಹೋಯಿತು.

ತೆಗೆದ ರಂಜಕದ ಗತಿಯೇನು? ಆಲಂ ಕೆಸರಿನದ್ದು ಅಲ್ಯೂಮಿನಿಯಂಗೆ ಕಟ್ಟುಬಿದ್ದದ್ದು. ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ನಮ್ಮ ಹುಳಿ ಮಣ್ಣಿನಲ್ಲಿ ಅಡಿಕೆಗೆ ಅದು ದಕ್ಕುವುದು ಕಷ್ಟ. ಮೆಗ್ನೀಸಿಯಂ, ಅಮೋನಿಯ, ರಂಜಕ ಸೇರಿದ ಹರಳಾದ ಸ್ಟ್ರುವೈಟ್ ಹಾಗಲ್ಲ, ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತದೆ. ಡೈಜೆಸ್ಟರ್ (ಗಾಳಿಯಿಲ್ಲದೆ ಕೆಸರು ಕೊಳೆಸುವ ತೊಟ್ಟಿ) ಇರುವ ದೊಡ್ಡ ಸ್ಥಾವರಗಳಲ್ಲಿ ಕೆಸರು ಹಿಂಡಿದ ನೀರಿಗೆ ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿ ಪಿಎಚ್ 8.5ರ ಹತ್ತಿರ ಇಟ್ಟರೆ ಇದು ಹರಳುಗಟ್ಟುತ್ತದೆ. 1 ಕಿಲೋ ರಂಜಕಕ್ಕೆ ಸುಮಾರು 8 ಕಿಲೋ ಕ್ಲೋರೈಡ್ ಹರಳು ಬೇಕು. ಪೂರ್ತಿ ಹರಳುಗಟ್ಟಿದರೆ ಹೊರಬರುವ ಸ್ಟ್ರುವೈಟೂ ಹೆಚ್ಚುಕಡಿಮೆ ಅಷ್ಟೇ. ನಾವಾಗಿ ತೆಗೆಯದಿದ್ದರೆ ಪೈಪಿನ ತಿರುವಿನಲ್ಲಿ, ಪಂಪಿನ ಒಳಗೆ ತಾನಾಗಿ ಕಟ್ಟಿಕೊಳ್ಳುತ್ತದೆ. ಫ್ಲ್ಯಾಟಿನ ಎಸ್‌ಟಿಪಿಗೆ ಈ ಉಸಾಬರಿ ಬೇಡ. ಆಲಂ ಬೆರೆಯದ ಕೆಸರನ್ನು ಬಿಸಿಯೇರುವಂತೆ ಕಾಂಪೋಸ್ಟ್ ಮಾಡಿದರೆ ಸಾಕು.

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 40 ಗ್ರಾಂ ರಂಜಕ ಪೆಂಟಾಕ್ಸೈಡ್ ಎಂಬುದು ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು. ಸ್ಟ್ರುವೈಟಿನಲ್ಲಿ ಅದು ಸುಮಾರು 29% ಇರುವುದರಿಂದ ಮರಕ್ಕೆ 140 ಗ್ರಾಂ ಸಾಕು. ಜತೆಗೆ 8 ಗ್ರಾಂ ಸಾರಜನಕವೂ ಸಿಗುತ್ತದೆ, ಅಷ್ಟನ್ನು ಯೂರಿಯದಲ್ಲಿ ಕಳೆಯಿರಿ. ಪೊಟ್ಯಾಶ್ ಬೇರೆ ಕೊಡಲೇಬೇಕು. ಹರಳನ್ನು ಮಾತ್ರ ಅಡಿಕೆಯಂತೆ ಅಂಗಳದ ಬಿಸಿಲಿಗೆ ಹರವಬೇಡಿ. 50 ಡಿಗ್ರಿ ದಾಟಿದರೆ ಅಮೋನಿಯ ಹಾರಿಹೋಗುತ್ತದೆ, ನೆರಳಲ್ಲೇ ಒಣಗಲಿ.