ಅರ್ಧ ಸ್ಟ್ರಿಪ್

ಸಂಜೆ ಮೆಡಿಕಲ್ ಶಾಪಲ್ಲಿ ನನ್ನ ಮುಂದೆ ಒಬ್ಬರು ಅಜ್ಜಿ ನಿಂತಿದ್ದರು. ಬಿಪಿ ಮಾತ್ರೆ.
"ಐದು ಸಾಕಪ್ಪ, ಮಿಕ್ಕಿದ್ದು ಸೋಮವಾರ ತಗೊಂಡು ಹೋಗ್ತೀನಿ" ಅಂದರು.
ಹುಡುಗ ಸ್ಟ್ರಿಪ್ಪನ್ನ ಅರ್ಧಕ್ಕೆ ಕತ್ತರಿಸಿ ಕೊಟ್ಟ. ಅಜ್ಜಿಗೆ ಸಿಕ್ಕ ತುಂಡಲ್ಲಿ ಮಾತ್ರೆ ಹೆಸರು ಅರ್ಧ ಇತ್ತು, ಎಕ್ಸ್‌ಪೈರಿ ತಾರೀಕು ಇರಲೇ ಇಲ್ಲ. ಅದನ್ನೇ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟರು.

ಆಗಿಂದ ತಲೆಯಲ್ಲಿ ಅದೇ ಓಡ್ತಿದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ದೊಡ್ಡ ವಿಷಯವೇ. ಆದರೆ ಅದು ಬಹುಪಾಲು ಅಡ್ಮಿಟ್ ಆದವರಿಗೆ. ಸ್ಟ್ರೋಕ್ ಹೊಡೆದರೆ ಕಾರ್ಡ್ ಕೈ ಹಿಡಿಯುತ್ತೆ. ಸ್ಟ್ರೋಕ್ ಆಗದ ಹಾಗೆ ದಿನಾ ನುಂಗೋ ಮಾತ್ರೆಗೆ ಅಂಗಡಿಯಲ್ಲಿ ಕೈಯಿಂದಲೇ ಕೊಡಬೇಕು.

2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ದೇಶದ ಒಟ್ಟು ಆರೋಗ್ಯ ಖರ್ಚಿನ ಶೇ 39.4 ಜನರ ಜೇಬಿಂದಲೇ ಹೋಗಿದೆ. 2013-14ರಲ್ಲಿ ಶೇ 64.2 ಇತ್ತು. ಇಳಿದಿದೆ, ನಿಜ. ಇನ್ನೂ ಜಾಸ್ತಿನೇ.

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಬಿಪಿ ಮಾತ್ರೆ ಪುಕ್ಕಟೆ ಅಲ್ವಾ ಅಂತೀರಿ. ಹೌದು. ಆದರೆ ಬಸ್ಸು, ಕ್ಯೂ ಅಂತ ಅರ್ಧ ದಿನ ಹೋಗುತ್ತೆ. ದಿನಗೂಲಿಯವರಿಗೆ ಅದು ಅರ್ಧ ದಿನದ ಕೂಲಿ. ಅದಕ್ಕೇ 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ನನಗೆ ತುಂಬಾ ಇಷ್ಟ. ಮನೆಗೇ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಡೋದು.

ನಿಮ್ಮ ಬೀದಿಗೆ ಆಶಾ ಅಕ್ಕ ಬರ್ತಾರಾ? ಬಂದರೆ ಅಕ್ಕಪಕ್ಕದ ವಯಸ್ಸಾದವರನ್ನೂ ಕರೆಯಿರಿ, ತಿಂಗಳ ಮಾತ್ರೆ ಒಟ್ಟಿಗೇ ಕೇಳಿ.