ದುರ್ವಾಸನೆ ಮರದ ಬೆನ್ನು ಹತ್ತಿ ತೀರ್ಥಹಳ್ಳಿಯ ಕಾನಿಗೆ

ಸೆಪ್ಟೆಂಬರ್ ಕೊನೆಯ ವಾರ ಮಳೆ ಸ್ವಲ್ಪ ಹೊಳವಾದದ್ದನ್ನು ನೋಡಿಕೊಂಡು ಶಿವಮೊಗ್ಗದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಜೊತೆಗಿದ್ದವಳು ಸಸ್ಯರಸಾಯನ ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಅಕ್ಕನ ಮಗಳು. ಅವಳ ಚೀಲದಲ್ಲಿ ಅರಣ್ಯ ಇಲಾಖೆಯ ಅನುಮತಿ ಪತ್ರ, ಹಳೆಯ ದಿನಪತ್ರಿಕೆಗಳ ಕಟ್ಟು, ಕತ್ತರಿ ಮತ್ತು ಬಟ್ಟೆಯ ಚೀಲಗಳಿದ್ದವು. ನನ್ನದರಲ್ಲಿ ಉಂಬಳಕ್ಕೆಂದು ಸುಣ್ಣ ಮತ್ತು ಹೊಗೆಸೊಪ್ಪು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿ ತಲುಪಿ, ಅಲ್ಲಿಂದ ಆಗುಂಬೆ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ ಇಳಿದಾಗ ತೋಟದ ಗೌಡರು ಛತ್ರಿ ಹಿಡಿದು ಕಾಯುತ್ತಿದ್ದರು.

ನಾವು ಹುಡುಕುತ್ತಿದ್ದುದು ಕನ್ನಡದಲ್ಲಿ ದುರ್ವಾಸನೆ ಮರವೆಂದೇ ಕರೆಸಿಕೊಳ್ಳುವ, ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ನೋಥಪೊಡೈಟಿಸ್ ನಿಮ್ಮೋನಿಯಾನ ಎಂದಿರುವ ಸಣ್ಣ ಮರವನ್ನು. ಹೆಸರು ಹೇಳುತ್ತಿದ್ದಂತೆ ಗೌಡರು ನಕ್ಕರು. "ಅದನ್ನೆಂತಕ್ಕೆ ಹುಡುಕ್ತೀರಿ ಮಾರಾಯ್ರೆ? ಒಲೆಗೂ ಹಾಕದ ಮರ ಅದು."

ಒಲೆಗೆ ಬೇಡವಾದ ಈ ಮರದ ಕಥೆ ಆರಂಭವಾಗುವುದು ಬೇರೊಂದು ಮರದಿಂದ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾಣಿ ಅವರ ತಂಡವು ಚೀನಾದ ಒಂದು ಮರದಿಂದ ಕ್ಯಾನ್ಸರ್ ಕೋಶಗಳನ್ನು ತಡೆಯಬಲ್ಲ ಕ್ಯಾಂಪ್ಟೋಥೆಸಿನ್ ಎಂಬ ಕ್ಷಾರಾಭವನ್ನು (ಸಸ್ಯಗಳಲ್ಲಿ ಸಿಗುವ ಒಂದು ಬಗೆಯ ಸಾರಜನಕಯುಕ್ತ ವಸ್ತು) ಬೇರ್ಪಡಿಸಿ ಪ್ರಕಟಿಸಿತು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ನಮ್ಮ ಪಶ್ಚಿಮ ಘಟ್ಟದ ಈ ಮರದಲ್ಲಿಯೂ ಇದೆಯೆಂದು ವರದಿ ಮಾಡಿದರು. ಆಗ ಇದರ ಹೆಸರು ಮ್ಯಾಪಿಯಾ ಫೀಟಿಡ ಎಂದಿತ್ತು. ಕಂಡುಹಿಡಿದ ಕೂಡಲೇ ಔಷಧವಾಗಲಿಲ್ಲ. ನೀರಿನಲ್ಲಿ ಕರಗದ ಇದನ್ನು ಸೋಡಿಯಂ ಲವಣವಾಗಿಸಿ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶಕ್ಕೆ ತೀವ್ರ ಹಾನಿಯಾಗಿ ಆ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. 1985ರ ಹೊತ್ತಿಗೆ, ಜೀವಕೋಶವು ವಿಭಜನೆಗೆ ಮುನ್ನ ಡಿಎನ್‌ಎ ಎಳೆಯ ಸಿಕ್ಕು ಬಿಡಿಸಲು ಬಳಸುವ ಟೋಪೊಐಸೋಮರೇಸ್-1 ಎಂಬ ಕಿಣ್ವವನ್ನೇ ಇದು ಹಿಡಿದು ನಿಲ್ಲಿಸುತ್ತದೆ ಎಂಬುದು ತಿಳಿದ ಮೇಲೆ ಆಸಕ್ತಿ ಮರಳಿತು. ಕ್ಯಾಂಪ್ಟೋಥೆಸಿನ್ ರಚನೆಯನ್ನು ತಿದ್ದಿ ಮಾಡಿದ ಟೋಪೊಟೆಕಾನ್ ಮತ್ತು ಇರಿನೊಟೆಕಾನ್‌ಗಳಿಗೆ ಅಮೆರಿಕದಲ್ಲಿ 1996ರಲ್ಲಿ ಅನುಮತಿ ದೊರೆಯಿತು. ಮೊದಲನೆಯದು ಅಂಡಾಶಯದ, ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಮೂವತ್ತು ವರ್ಷ! ಮಲೆನಾಡಿನಲ್ಲಿ ಯಾವುದೋ ಬೇರು ತೇದು ಕುಡಿದರೆ ಗಂಟು ಕರಗುತ್ತದೆಂದು ಸಲೀಸಾಗಿ ಹೇಳುವವರ ಮಾತು ಕೇಳುವಾಗಲೆಲ್ಲ ನನಗೆ ಈ ಮೂವತ್ತು ವರ್ಷ ನೆನಪಾಗುತ್ತದೆ.

ಸೊಪ್ಪಿನ ಬೆಟ್ಟ ಹತ್ತಿ ಕಾನಿನ ಅಂಚಿಗೆ ಬರುವಷ್ಟರಲ್ಲಿ ಉಂಬಳಗಳು ಸುಣ್ಣವನ್ನೂ ಲೆಕ್ಕಿಸದೆ ಕಾಲೇರಿದ್ದವು. ಹಳ್ಳದ ಬದಿಯಲ್ಲಿ ಅಗಲ ಎಲೆಯ ಮರವೊಂದನ್ನು ನೋಡಿ ನಾನು, "ಇದೇ ಅಲ್ಲವೇ?" ಎಂದೆ. ಅವಳು ತೊಟ್ಟು ಮುರಿದಳು. ಬಿಳಿ ಹಾಲು ಜಿನುಗಿತು. "ಹಾಲು ಬಂದರೆ ಅಲ್ಲ, ಮಾವ," ಎಂದು ಮುಂದೆ ಹೋದಳು. ಮರ ತಪ್ಪಿದರೆ ಮುಂದಿನ ಆರು ತಿಂಗಳ ಕೆಲಸವೂ ತಪ್ಪುತ್ತದೆ. ಆದ್ದರಿಂದಲೇ ಎಲೆ, ಕಾಯಿಗಳಿರುವ ಟೊಂಗೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ, ಸ್ಥಳ ಮತ್ತು ದಿನಾಂಕ ಬರೆದು ಇಡುವುದು ಕಡ್ಡಾಯ.

ಕೊನೆಗೆ ಮರವನ್ನು ತೋರಿಸಿದವರು ಗೌಡರೇ. ಅದು ನಿಂತ ಮರವಾಗಿರಲಿಲ್ಲ, ಯಾರೋ ಕಡಿದೊಯ್ದ ಮರದ ಬುಡ. ವಿದೇಶಿ ಬೇಡಿಕೆಯಿಂದಾಗಿ ಘಟ್ಟದ ಉದ್ದಕ್ಕೂ ಈ ಮರಗಳನ್ನು ಕಡಿದು ಸಾಗಿಸಿದ್ದನ್ನು ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಆದರೆ ಬುಡದ ಸುತ್ತ ಹೆಬ್ಬೆರಳು ದಪ್ಪದ ನಾಲ್ಕು ಚಿಗುರುಗಳು ಎದ್ದಿದ್ದವು. ಎಲೆಯನ್ನು ಹೊಸಕಿ ಮೂಗಿಗೆ ಹಿಡಿದೆ. ಹೆಸರು ಇಟ್ಟವರು ಸುಳ್ಳು ಹೇಳಿಲ್ಲ. ಇಪ್ಪತ್ತು ಹೆಜ್ಜೆ ಆಚೆ ಕಾಯಿ ಕಟ್ಟಿದ್ದ ಇಡೀ ಮರವೊಂದು ಸಿಕ್ಕಿತು, ಕೆಲವು ಹಣ್ಣುಗಳು ಕೆಂಗಪ್ಪಿಗೆ ತಿರುಗಿದ್ದವು.

ಅವಳ ಪ್ರಶ್ನೆಯಿದ್ದದ್ದು ಅಲ್ಲೇ. ಕ್ಯಾಂಪ್ಟೋಥೆಸಿನ್ ಪ್ರಮಾಣ ಮರದಿಂದ ಮರಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಹೆಚ್ಚು ಕೊಡುವ ಮರಗಳನ್ನು ಗುರುತಿಸಿ ಬೆಳೆಸಿದರೆ, ಚಿಗುರಿನ ಟೊಂಗೆಗಳಿಂದಲೇ ಸಾಕಷ್ಟು ಸಿಗುವುದಾದರೆ, ಕಾಂಡ ಉರುಳಿಸುವ ಅಗತ್ಯ ಎಷ್ಟರ ಮಟ್ಟಿಗೆ ಕಡಿಮೆಯಾದೀತು? ಎರಡರಿಂದಲೂ ಟೊಂಗೆಗಳನ್ನಷ್ಟೇ ಕತ್ತರಿಸಿ, ಬೇರೆ ಬೇರೆ ಚೀಲಕ್ಕೆ ಹಾಕಿ ಚೀಟಿ ಕಟ್ಟಿದಳು. ಮಧ್ಯಾಹ್ನ ಗೌಡರ ಮನೆಯಲ್ಲಿ ಕಡುಬು ತಿಂದು ಸಂಜೆಯ ಬಸ್ಸು ಹಿಡಿದೆವು.

ಹದಿನೈದು ದಿನ ನೆರಳಲ್ಲಿ ಒಣಗಿದ ಟೊಂಗೆಗಳನ್ನು ಪುಡಿ ಮಾಡಿ ಮೆಥನಾಲ್‌ನಲ್ಲಿ ನೆನೆಸಿ ತೆಗೆದ ಸಾರದ ಒಂದೊಂದು ಹನಿಯನ್ನು, ಸಿಲಿಕಾ ಲೇಪಿಸಿದ ಬೆರಳುದ್ದದ ತಗಡಿನ ಮೇಲಿಟ್ಟು, ಅದರೊಳಗಿನ ವಸ್ತುಗಳು ಬೇರೆ ಬೇರೆ ಎತ್ತರಕ್ಕೆ ಏರಿ ಬೇರ್ಪಡುವಂತೆ ದ್ರಾವಕದಲ್ಲಿ ಅವಳು ಓಡಿಸಿದ ದಿನ ನನ್ನನ್ನೂ ಕರೆದಿದ್ದಳು. ಬರಿಗಣ್ಣಿಗೆ ಹಸಿರು ಕಲೆಗಳಷ್ಟೇ. ದೀಪ ಆರಿಸಿ ಅತಿನೇರಳೆ ಬೆಳಕಿನ ಕೆಳಗೆ ಹಿಡಿದಾಗ, ಶುದ್ಧ ಕ್ಯಾಂಪ್ಟೋಥೆಸಿನ್ ಇಟ್ಟ ಸಾಲಿನ ಮಟ್ಟದಲ್ಲಿಯೇ ಇನ್ನೆರಡು ನೀಲಿ ಚುಕ್ಕೆಗಳು ಹೊಳೆದವು: ಒಂದು ನಿಂತ ಮರದ್ದು, ಇನ್ನೊಂದು ಕಡಿದ ಬುಡದ ಚಿಗುರಿನದು. ಯಾವುದರಲ್ಲಿ ಹೆಚ್ಚಿದೆ ಎಂದು ಕೇಳಿದೆ. ಕಣ್ಣಳತೆಯಲ್ಲಿ ಹೇಳುವಂತಿಲ್ಲ, ಅಳೆಯುವ ಯಂತ್ರದ ಸರದಿ ಬರಬೇಕು ಎಂದು ದೀಪ ಹಾಕಿದಳು.